ಒಂದೇ ಟೀಮಿನ ಇಬ್ಬರೂ ಟೈಟಲ್ ರೇಸಿನ್ಯಾಗ ಅದಾರ: ಪಿಟ್ ಮೊದಲು ಯಾರಿಗೆ?

ತೊಗರಿಕಣಜ, ಕಲಬುರಗಿ:
ಸಿಮ್ ರೇಸಿಂಗ್ (ಕಂಪ್ಯೂಟರಿನ್ಯಾಗ ಆಡೋ ಕಾರ್ ರೇಸ್) ಲೀಗಿಂದು ಒಂದು ಪ್ರಶ್ನೆ ಅದ. ಸೀಸನ್ 8 ರೌಂಡಿಂದು, 6 ಮುಗದಾವ. ಪಾಯಿಂಟ್ ಎಫ್1 ಲೆಕ್ಕದ್ದೇ: 25-18-15-12-10-8-6-4-2-1. ನಮ್ಮ ಟೀಮಿನ ಎ 118, ಬಿ 112. ಬೀದರ ಟೀಮಿನಾಂವ ಒಬ್ಬ 103ಕ್ಕ ನಿಂತಾನ. ಟೀಮಿಗೆ ಪಿಟ್ ಬಾಕ್ಸ್ (ರೇಸ್ ನಡುವ ಟೈರ್ ಬದಲಿಸಾಕ ಕಾರು ನಿಲ್ಲಿಸೋ ಜಾಗ) ಒಂದೇ. ಪಿಟ್‌ಗೆ ಹೋಗಿ ಬರೋದಕ್ಕ 24 ಸೆಕೆಂಡ್ ಹೋಗ್ತದ, ಹೊಸ ಟೈರು ಲ್ಯಾಪಿಗೆ ಸುಮಾರು 1.5 ಸೆಕೆಂಡ್ ಫಾಸ್ಟ್. ಈಗ ಇಬ್ಬರೂ ಮೊದಲು ಪಿಟ್ ನನಗೇ ಬೇಕಂತ ಹಟ ಹಿಡದಾರ, ಸೆಟಪ್ ಫೈಲ್ (ಕಾರಿನ ಹೊಂದಾಣಿಕಿ ಇರೋ ಫೈಲ್) ಒಬ್ಬರಿಗೊಬ್ಬರು ಕೊಡೋದೂ ನಿಲ್ಲಿಸ್ಯಾರ. ಒಬ್ಬನ ಹಿಂದ ನಿಲ್ಲಬೇಕೋ, ಇಬ್ಬರನ್ನೂ ಬಿಟ್ಟುಬಿಡಬೇಕೋ? ರೂಲ್ ಬರೀಬೇಕಂದ್ರ ಏನೇನು ಬರೀಬೇಕು?

ಬಿದ್ರಿಕರಿ, ಬೀದರ:
ನಮ್ಮೂರಾಂವ ಗೆಲ್ಲಲಿ ಅನ್ನೋ ಆಸೆ ನನಗೂ ಅದ, ಆದ್ರೂ ಲೆಕ್ಕ ಖರೇನೇ ಹೇಳ್ತೀನಿ. ಬೀದರದಾಂವ ಉಳಿದ ಎರಡೂ ಗೆದ್ರ 153. ಎ ಎರಡೂ ಸಲ ಎರಡನೇ ಜಾಗಕ್ಕ ಬಂದ್ರ 154, ಒಂದೇ ಪಾಯಿಂಟಿನ ಮ್ಯಾಲ ಚಾಂಪಿಯನ್. ಅದೇ ಒಂದು ಸಲ ಬಿ ಅವನ ಮುಂದ ಹೋಗಿ ಎ ಮೂರನೇ ಜಾಗಕ್ಕ ಇಳದ್ರ 151, ಟೈಟಲ್ ಬೀದರಕ್ಕ. ಬಿ ಎರಡೂ ಸಲ ಎರಡನೇ ಜಾಗಕ್ಕ ಬಂದ್ರೂ 148, ಸಾಲಲ್ಲ. ಅಂದ್ರ ಬಿ ಎ ಕಡಿಂದ ಕಸಗೊಳ್ಳೋ 3 ಪಾಯಿಂಟ್ ಬಿಗೆ ಉಪಯೋಗಿಲ್ಲ, ಎಗೆ ಮಾತ್ರ ಪೂರಾ ಲುಕ್ಸಾನು.

2007ರಾಗ ಎಫ್1 ಟೀಮ್ ಮೆಕ್ಲಾರೆನ್‌ಗೆ ಆಗಿದ್ದು ಇದೇ. ಬ್ರೆಜಿಲ್‌ನ ಕೊನೀ ರೇಸಿಗೆ ಮೊದಲು ಹ್ಯಾಮಿಲ್ಟನ್ 107, ಅಲೊನ್ಸೊ 103, ಫೆರಾರಿಯ ರೈಕೊನೆನ್ 100. ರೈಕೊನೆನ್ ಗೆದ್ದು 110 ಆದ, ಮೆಕ್ಲಾರೆನ್‌ನವರು ಇಬ್ಬರೂ 109ಕ್ಕ ನಿಂತ್ರು. ಅದೇ ವರ್ಷ ಹಂಗೇರಿ ಕ್ವಾಲಿಫೈಯಿಂಗ್‌ನ್ಯಾಗ (ರೇಸ್ ಸುರು ಮಾಡೋ ಜಾಗ ಗೊತ್ತು ಮಾಡೋ ಸುತ್ತು) ಅಲೊನ್ಸೊ ಪಿಟ್ ಬಾಕ್ಸಿನ್ಯಾಗ ಬೇಕಂತಲೇ ನಿಂತು ಹಿಂದಿದ್ದ ಹ್ಯಾಮಿಲ್ಟನ್‌ನ ಕೊನೀ ಲ್ಯಾಪ್ ತಪ್ಪಿಸಿದ. ಅದಕ್ಕ 5 ಜಾಗ ಹಿಂದ ಹೋಗೋ ದಂಡ ಬಿತ್ತು. ಒಂದೇ ಪಿಟ್ ಬಾಕ್ಸ್ ಅಂದ್ರಲ್ಲ, ಅದಕ್ಕ ಇದು ನೆನಪಾಯ್ತು.

7ನೇ ರೌಂಡಿನ್ಯಾಗ ಬೀದರದಾಂವ ಬಿಯ ಮುಂದ ಬಂದ್ರ, 8ಕ್ಕ ಬಿ ಎಗೆ ಸಪೋರ್ಟ್ ಮಾಡಬೇಕು ಅಂತ ಈಗೇ ಬರೆದು ಸಹಿ ಹಾಕಿಸ್ರಿ. ರೇಸ್ ನಡದಾಗ ರೇಡಿಯೋದಾಗ ಹೇಳಿದ್ರ ಯಾರೂ ಕೇಳಲ್ಲ.

ಶಹಾಬಾದ್ ಫರ್ಸಿ:
ಪಿಟ್ ವಿಷಯ ನಾ ಹೇಳ್ತೀನಿ, ಜಗಳ ಹುಟ್ಟೋದೇ ಅಲ್ಲಿ. ಬಿ 1.2 ಸೆಕೆಂಡ್ ಹಿಂದ ಅದಾನ ಅನ್ನಿರಿ. ಒಂದು ಲ್ಯಾಪ್ ಮೊದಲು ಪಿಟ್ ಆದ್ರ ಹೊಸ ಟೈರಿನ್ಯಾಗ 1.5 ಗಳಿಸಿ, ಎ ಪಿಟ್ ಆಗಿ ಹೊರಗ ಬರೋದ್ರಾಗ 0.3 ಮುಂದ ಇರ್ತಾನ. ಟ್ರ್ಯಾಕ್ ಮ್ಯಾಲ ಓವರ್‌ಟೇಕ್ ಮಾಡಲಾರದೇ ಜಾಗ ಸಿಕ್ತು. ಇದೇ ಅಂಡರ್‌ಕಟ್. ಅದಕ್ಕ ಟ್ರ್ಯಾಕ್ ಮ್ಯಾಲ ಮುಂದ ಇದ್ದಾಂವಗ ಮೊದಲ ಪಿಟ್, ಹಿಂದಿದ್ದಾಂವಗ ಮುಂದಿನ ಲ್ಯಾಪ್. ಸ್ಟ್ಯಾಂಡಿಂಗ್ಸ್ (ಪಾಯಿಂಟ್ ಪಟ್ಟಿ) ನೋಡಬ್ಯಾಡ್ರಿ, ಟ್ರ್ಯಾಕ್ ನೋಡ್ರಿ.

ಇಬ್ಬರನ್ನೂ ಒಂದೇ ಲ್ಯಾಪಿಗೆ ಕರೀಬೇಕಂದ್ರ ನಡುವ ಕನಿಷ್ಠ 5 ಸೆಕೆಂಡ್ ಇರಬೇಕು. ಟೈರ್ ಬದಲಿಗೆ 3 ಸೆಕೆಂಡ್, ಮೊದಲಿನ ಕಾರು ಬಾಕ್ಸ್ ಖಾಲಿ ಮಾಡಾಕ ಮತ್ತಷ್ಟು. 1.5 ಸೆಕೆಂಡ್ ಹಿಂದಿದ್ದಾಂವ ಬಂದ್ರ ಕ್ಯೂನ್ಯಾಗ ನಿಂತು 3 ಸೆಕೆಂಡ್ ಮ್ಯಾಲ ಕಳ್ಕೋತಾನ.

ತೊಡಕು ಬರೋದು ಮೂರನೇದಾಂವ ಹಿಂದ ಇದ್ದಾಗ. ಬೀದರದಾಂವ ಬಿಯ ಹಿಂದ 2 ಸೆಕೆಂಡ್ ಒಳಗ ಇದ್ದು ಅಂಡರ್‌ಕಟ್‌ಗೆ ಕಾಯ್ತಿದ್ರ ಬಿಗೆ ಮೊದಲು ಪಿಟ್ ಕೊಡಲೇಬೇಕಾಗ್ತದ. ಅದರಿಂದ ಬಿ ಎ ಮುಂದ ಬಂದ್ರ ಜಾಗ ವಾಪಸ್ ಕೊಡಬೇಕು. 2024ರ ಹಂಗೇರಿಯೊಳಗ ಮೆಕ್ಲಾರೆನ್‌ನವರು ನೋರಿಸ್‌ನ್ನ ಮೊದಲು ಪಿಟ್ ಮಾಡಿಸಿದ್ರು, ಲೀಡ್ ಇದ್ದ ಅದೇ ಟೀಮಿನ ಪಿಯಾಸ್ಟ್ರಿ ಹಿಂದ ಬಿದ್ದ. ನೋರಿಸ್ ಜಾಗ ವಾಪಸ್ ಕೊಟ್ಟಿದ್ದು 70 ಲ್ಯಾಪಿನ ರೇಸಿನ್ಯಾಗ 68ನೇ ಲ್ಯಾಪಿಗೆ, ಅದೂ ರೇಡಿಯೋದಾಗ ಭಾಳ ಬೇಡಿಕೊಂಡ ಮ್ಯಾಲ. ನಿಮ್ಮ ರೂಲಿನ್ಯಾಗ ಗಡುವು ಇರ್ಲಿ: ಎ ಪಿಟ್‌ನಿಂದ ಹೊರಗ ಬಂದು 3 ಲ್ಯಾಪಿನೊಳಗ, ಉದ್ದನೇ ಸ್ಟ್ರೇಟ್ ಮ್ಯಾಲ, ಬಿ ಎಕ್ಸಲರೇಟರ್ ಬಿಡಬೇಕು. ಬ್ರೇಕ್ ಹಾಕಬಾರದು, ಹಿಂದಿನಿಂದ ಗುದ್ದಿಸಿಕೊಂತೀರಿ. ಬೀದರದಾಂವ 3 ಸೆಕೆಂಡ್ ಒಳಗ ಬಂದಿದ್ರ ಅವನ ಪಿಟ್ ಆಗೋತನ ಜಾಗ ಬದಲಿ ಬ್ಯಾಡ.

ಇನ್ನೊಂದು ಸಾಲು ಮರೀಬ್ಯಾಡ್ರಿ: ಪಿಟ್‌ನ್ಯಾಗ ತಡ ಆದ್ರ ಯಾರ ಲೆಕ್ಕಕ್ಕ? 2025ರ ಮೊಂಜಾದಾಗ ಮುಂದಿದ್ದ ನೋರಿಸ್ ಪಿಯಾಸ್ಟ್ರಿಗೆ ಮೊದಲು ಪಿಟ್ ಬಿಟ್ಟುಕೊಟ್ಟ, ಆಮ್ಯಾಲ ತನ್ನ ಪಿಟ್‌ಸ್ಟಾಪ್ 5.9 ಸೆಕೆಂಡ್ ಆಗಿ ಹಿಂದ ಬಿದ್ದ. ಟೀಮ್ ಜಾಗ ವಾಪಸ್ ಕೊಡಿಸ್ತು. ಪಿಟ್ ತಡ ಆಗೋದು ರೇಸಿನ ಭಾಗನೇ ಅಂತ ಪಿಯಾಸ್ಟ್ರಿ ವಾದ ಮಾಡಿದ, ಕಡಿಗೆ ಕೊಟ್ಟ. ಎರಡೂ ಕಡಿ ನ್ಯಾಯ ಅದ, ಅದಕ್ಕೇ ಮೊದಲೇ ಬರೀಬೇಕು. ಸಿಮ್ಮಿನ್ಯಾಗ ಬಾಕ್ಸಿನ ಗೆರಿ ತಪ್ಪಿ ನಿಂತಿದ್ದು ಡ್ರೈವರನ ತಪ್ಪು, ಅದಕ್ಕ ವಾಪಸ್ ಇಲ್ಲ ಅಂತ ಇಡ್ರಿ.

ಭೀಮಾದಂಡಿ, ಯಾದಗಿರಿ:
ಬಿಗೆ ಈಗಿನಿಂದಲೇ ಸಪೋರ್ಟ್ ಮಾಡು ಅನ್ನೋದು ನನಗ ಒಪ್ಪಿಗಿ ಇಲ್ಲ. 112 ಇದ್ದಾಂವ ಎರಡು ರೇಸ್ ಗೆದ್ರ 162 ಆಗ್ತಾನ. 2025ರಾಗ ಮೆಕ್ಲಾರೆನ್ ಕೊನೀತನ ಯಾರನ್ನೂ ಆರಿಸಲಿಲ್ಲ. ನೋರಿಸ್ 423, ರೆಡ್ ಬುಲ್‌ನ ವೆರ್ಸ್ಟಾಪನ್ 421, ಪಿಯಾಸ್ಟ್ರಿ 410. ಎರಡೇ ಪಾಯಿಂಟಿಗೆ ಉಳೀತು ಖರೆ, ಆದ್ರೂ ಟೈಟಲ್ ಬಂತು.

ಟಚ್ ಆಗಬಾರದು ಅಂತಷ್ಟೇ ಬರೆದ್ರ ಅದು ರೂಲ್ ಅಲ್ಲ. ಯಾವಾಗ ಜಾಗ ಬಿಡಬೇಕು ಅಂತ ಅಳತಿ ಬೇಕು. ಒಳಗಿನಿಂದ ಬರೋ ಕಾರಿನ ಮುಂದಿನ ಆಕ್ಸಲ್, ಹೊರಗಿನ ಕಾರಿನ ಕನ್ನಡಿ ಸಮ, ಕಾರ್ನರಿನ ಏಪೆಕ್ಸಿಗೆ (ತಿರುವಿನ ಒಳಗಿನ ತುದಿಗೆ) ಮೊದಲೇ ಬಂದಿರಬೇಕು. ಬಂದ್ರ ಜಾಗ ಕೊಡ್ರಿ, ಬರಲಿಲ್ಲಂದ್ರ ಒಳಗಿನಾಂವ ಹಿಂದ ಸರೀಬೇಕು. 2016ರ ಸ್ಪೇನ್‌ನ್ಯಾಗ ಮರ್ಸಿಡಿಸ್ ಟೀಮಿನ ರೋಸ್‌ಬರ್ಗ್‌ನ ಎಂಜಿನ್ ತಪ್ಪು ಮೋಡಿನ್ಯಾಗ ಇತ್ತು, ಕಾರು ನಿಧಾನ ಆಯ್ತು. ಅದೇ ಟೀಮಿನ ಹ್ಯಾಮಿಲ್ಟನ್ ಬಲಗಡಿ ನುಗ್ಗಿದ, ರೋಸ್‌ಬರ್ಗ್ ಅದೇ ಕಡಿ ಬಾಗಿಲು ಮುಚ್ಚಿದ, ಹ್ಯಾಮಿಲ್ಟನ್ ಹುಲ್ಲಿಗೆ ಇಳದು ತಿರುಗಿದ, ಮೊದಲ ಲ್ಯಾಪಿನ್ಯಾಗೇ ಇಬ್ಬರೂ ಮುಗದ್ರು. ರೇಸ್ ಗೆದ್ದಿದ್ದು 18ರ ಹುಡುಗ ವೆರ್ಸ್ಟಾಪನ್.

ಮೊದಲ ಕಾರ್ನರಿನ್ಯಾಗ ಒಬ್ಬರನ್ನೊಬ್ಬರು ದಾಟಬಾರದು ಅಂತ ಒಪ್ಪಂದ ಮಾಡ್ಕೊಂಡ್ರ ರೀಸ್ಟಾರ್ಟ್ ಸುದ್ದಾ ಸೇರಿಸ್ರಿ. 1989ರ ಇಮೋಲಾದಾಗ ಮೆಕ್ಲಾರೆನ್‌ನ ಸೆನ್ನಾ-ಪ್ರಾಸ್ಟ್ ನಡುವ ಇಂಥ ಮಾತಾಗಿತ್ತು. ಬರ್ಗರ್‌ನ ಅಪಘಾತದ ಮ್ಯಾಲ ರೇಸ್ ಮತ್ತ ಸುರು ಆದಾಗ ಸೆನ್ನಾ ಟೋಸಾ ಕಾರ್ನರಿನ್ಯಾಗ ಪ್ರಾಸ್ಟ್‌ನ ದಾಟಿದ. ರೀಸ್ಟಾರ್ಟ್‌ಗೆ ಮಾತು ಅನ್ವಯಿಸಲ್ಲ ಅಂತ ಒಬ್ಬಾಂವ, ಅನ್ವಯಿಸ್ತದ ಅಂತ ಇನ್ನೊಬ್ಬಾಂವ. ಅಲ್ಲಿಂದ ಇಬ್ಬರ ನಡುವ ಮಾತೇ ನಿಂತವು.

ಸೆಟಪ್ ಫೈಲು, ಟೆಲಿಮೆಟ್ರಿ (ಕಾರಿನ ವೇಗ, ಬ್ರೇಕಿನ ದಾಖಲಿ) ಕ್ವಾಲಿಫೈಯಿಂಗ್‌ತನ ಇಬ್ಬರಿಗೂ ತೆರದಿರಬೇಕು. ಎ ಎಲ್ಲಿ ಬ್ರೇಕ್ ಬಿಡ್ತಾನ ಅಂತ ಬಿ ನೋಡಿದ್ರ ಎಗೆ 0.1 ಸೆಕೆಂಡ್ ಲುಕ್ಸಾನು. ನೋಡಲಿಲ್ಲಂದ್ರ ಬೀದರದಾಂವಗ ಅದಕ್ಕಿಂತ ಹೆಚ್ಚು ಫಾಯ್ದೆ.

ಮತ್ತ ನಮ್ಮ ಕಡಿ ಕರೆಂಟ್ ಸುದ್ದಿ. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ತಡೀತದ, ಗೇಮಿಂಗ್ ಪಿಸಿ ಲೋಡಿನ್ಯಾಗ ಅದನ್ನ ದಾಟಿ ಟ್ರಿಪ್ ಆಗ್ತದ. 1000 ವಿಎ ಹಾಕ್ರಿ, ರೌಟರೂ ಅದಕ್ಕೇ. ಇನ್ವರ್ಟರ್ ಇದ್ರ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನ್ಯಾಗ ಇರ್ಲಿ, ನಾರ್ಮಲ್ ಮೋಡಿನ್ಯಾಗ ಬದಲಿ ತಡ ಆಗಿ ಪಿಸಿ ರಿಸ್ಟಾರ್ಟ್ ಹೊಡೀತದ.

ಬಿದ್ರಿಕರಿ, ಬೀದರ:
ಬಿ ಎರಡೂ ಗೆದ್ರ ಅನ್ನೋದು ಒಪ್ಪಿದೆ, ಅದಕ್ಕೇ 7ನೇ ರೌಂಡ್‌ತನ ಬಿಡ್ರಿ ಅಂದಿದ್ದು. ಮುರಿದ್ರ ಏನು ಅನ್ನೋದೂ ಬರೀರಿ. 2013ರ ಮಲೇಷಿಯಾದಾಗ ರೆಡ್ ಬುಲ್ ಟೀಮಿನ್ಯಾಗ ಮಲ್ಟಿ 21, ಅಂದ್ರ 2ನೇ ನಂಬರ್ ಕಾರು 1ರ ಮುಂದ ಇರ್ಲಿ ಅನ್ನೋ ಹುಕುಂ ಇತ್ತು. 1ರ ವೆಟ್ಟಲ್ ಕೇಳದೇ 2ರ ವೆಬ್ಬರ್‌ನ ದಾಟಿ ಗೆದ್ದ, ಗೆಲುವು ಅವನ ಕಡೇನೇ ಉಳೀತು. ಮುರಿದಾಂವಗ ಮುಂದಿನ ರೇಸಿನ ಮೊದಲ ಪಿಟ್ ಹಕ್ಕು ಇಲ್ಲ ಅಂತ ಇಡ್ರಿ, ಸಾಕು.

ಹಳೇ ಸ್ಕೋರ್‌ಬುಕ್, ಆಳಂದ:
ಎಲ್ಲಾರೂ ಲೆಕ್ಕ ಹಾಕಾಕತ್ತೀರಿ, ಲೀಗಿನ್ಯಾಗ ಡ್ರಾಪ್ ರೌಂಡ್ (ಕೆಟ್ಟ ರೌಂಡಿನ ಪಾಯಿಂಟ್ ಲೆಕ್ಕದಿಂದ ಬಿಡೋದು) ಅದ ಏನು ಅಂತ ಯಾರೂ ಕೇಳಲಿಲ್ಲ. 1988ರಾಗ 16 ರೇಸಿನ್ಯಾಗ ಉತ್ತಮ 11 ಮಾತ್ರ ಲೆಕ್ಕಕ್ಕ. ಪ್ರಾಸ್ಟ್ ಗಳಿಸಿದ್ದು 105, ಉಳದಿದ್ದು 87. ಸೆನ್ನಾ ಗಳಿಸಿದ್ದು 94, ಉಳದಿದ್ದು 90. ಚಾಂಪಿಯನ್ ಸೆನ್ನಾ. ರೇಸ್‌ವಾರು ಪಾಯಿಂಟ್ ಹಾಕ್ರಿ.

ತೊಗರಿಕಣಜ, ಕಲಬುರಗಿ:
ಅದರೀ, ಕೆಟ್ಟದ್ದು ಒಂದು ಬಿಡ್ತಾರ, ಡಿಸ್‌ಕ್ವಾಲಿಫೈ ಆಗಿದ್ದು ಬಿಡಲ್ಲ.
ಎ: 25, 25, 18, 25, 25, 0. ಆ ಸೊನ್ನಿ ಕರೆಂಟ್ ಹೋಗಿದ್ದು.
ಬಿ: 18, 18, 25, 15, 18, 18.
ಬೀದರದಾಂವ: 15, 15, 15, 18, 15, 25.

ಹಳೇ ಸ್ಕೋರ್‌ಬುಕ್, ಆಳಂದ:
ಹಂಗಾದ್ರ ಚಿತ್ರಾನೇ ಬ್ಯಾರೆ. ಎಗೆ ಬಿಡೋದು ಸೊನ್ನಿ, 118 ಹಂಗೇ ಉಳೀತದ. ಬೀದರದಾಂವ ಎರಡೂ ಗೆದ್ದು 153 ಆದ್ರೂ ಒಂದು 15 ಬಿಟ್ಟು 138. ಎ ಎರಡನೇ ಮತ್ತ ಮೂರನೇ ಜಾಗಕ್ಕ ಬಂದ್ರೂ 151. ಬಿ ಎರಡೂ ಗೆದ್ರ 162ರಾಗ 15 ಹೋಗಿ 147, ಅಂದ್ರ ಎ ಎರಡು ಸಲ ಮೂರನೇ ಜಾಗಕ್ಕ ಬಂದ್ರೂ 148 ಆಗಿ ಉಳೀತಾನ. ಬಿಯನ್ನ ಕಟ್ಟಿಹಾಕೋ ಜರೂರತ್ತೇ ಇಲ್ಲ, ಓಡಾಕ ಬಿಡ್ರಿ, ಫರ್ಸಿಯವರ ಪಿಟ್ ರೂಲ್ ಒಂದು ಸಾಕು. ಎ ಸೋಲೋ ದೊಡ್ಡ ದಾರಿ ಅಂದ್ರ ಇನ್ನೊಂದು ಸೊನ್ನಿ: ಒಂದು ರೇಸ್ ಪೂರಾ ಹೋಗಿ, ಇನ್ನೊಂದ್ರಾಗ ಎರಡನೇ ಜಾಗಕ್ಕ ಬಂದ್ರ 136, ಬೀದರದಾಂವ 138. ಹಿಂಗಾಗಿ ಕನ್ನಡಿ ಅಳತಿ ರೂಲು, ಎಯ ಮನ್ಯಾಗ 1000 ವಿಎ ಯುಪಿಎಸ್, ಇವೆರಡೂ 7ನೇ ರೌಂಡಿಗೆ ಮೊದಲೇ ಆಗ್ಲಿ.