ಟೈಫೂನ್ ಲೇಟಾಗಿ ಬಂತು

ನಮ್ಮ ‘ಹೊಸ್ಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ 31 ಜನ. ಅಡ್ಮಿನ್ ನಾನು, ಬೇಡ ಅಂದರೂ ತಲೆಗೆ ಕಟ್ಟಿದ್ದು. ಮೊನ್ನೆ ಭಾನುವಾರ ಚಿಕ್ಕಮ್ಮನ ಶುಭೋದಯದ ದಾಸವಾಳದ ಕೆಳಗೇ ರಘು ಒಂದು ಚಿತ್ರ ಫಾರ್ವರ್ಡ್ ಮಾಡಿದ. ಹಸಿರು ಅಂಚಿನ ಒಂದು ಕಾರ್ಡು, ಮೇಲೆ ದಪ್ಪಕ್ಷರದಲ್ಲಿ ‘ಟೈಫೂನ್ ಬಂದ್ರೆ ಎಲ್ಲಾ ಕ್ಯಾನ್ಸಲ್!’

ರಘು: ನೋಡ್ಕೋ ಕಿರಣ. 2008ರ ದಸರಾ ರಜ. ಅವತ್ತೇ ಬಡ್ಕೊಂಡೆ. ನನ್ನ ಡ್ರ್ಯಾಗನ್ ವಾಪಸ್ ಕೊಡು.

ಹೊಸ ಸೊಸೆಯಂದಿರಿಗೆ ಇದು ಗೊತ್ತಿರಲಿಕ್ಕಿಲ್ಲ. ಆ ವರ್ಷ ದುಬೈ ಮಾವ ಯು-ಗಿ-ಓ ಅನ್ನೋ ಕಾರ್ಡಾಟದ ಎರಡು ಡೆಕ್ (ಕಟ್ಟು) ತಂದಿದ್ದರು. ಜಗಲಿ ಮೇಲೆ ಪಂದ್ಯ. ರಘು 3000 ಅಟ್ಯಾಕಿನ ಬ್ಲೂ ಐಸ್ ವೈಟ್ ಡ್ರ್ಯಾಗನ್ ತೋರಿಸಿ ದಾಳಿ ಅಂದ. ಕಿರಣ ಕವುಚಿಟ್ಟಿದ್ದ ಮಿರರ್ ಫೋರ್ಸ್ ಅನ್ನೋ ಟ್ರ್ಯಾಪ್ ಕಾರ್ಡು ತಿರುಗಿಸಿದ. ಎದುರಾಳಿಯ ಅಟ್ಯಾಕ್ ಪೊಸಿಷನ್ನಿನಲ್ಲಿರೋ ಮಾನ್‌ಸ್ಟರ್‌ಗಳೆಲ್ಲ ನಾಶ ಅಂತ ಅದರ ಮೇಲಿದೆ. ರಘು ಕೈಯಲ್ಲಿದ್ದ ಮಿಸ್ಟಿಕಲ್ ಸ್ಪೇಸ್ ಟೈಫೂನ್ ಕಾರ್ಡು ಬಡಿದು ಮಿರರ್ ಫೋರ್ಸನ್ನೇ ಒಡೆದ. ಒಡೆದ ಕಾರ್ಡು ಹ್ಯಾಗೆ ಕೆಲಸ ಮಾಡುತ್ತೆ ಅಂತ ರಘು, ಮಾಡೇ ಮಾಡುತ್ತೆ ಅಂತ ಕಿರಣ. ಅಜ್ಜಿ ಕಾಫಿಗೆ ಕರೆದರೂ ಏಳಲಿಲ್ಲ. ಪಣಕ್ಕಿಟ್ಟಿದ್ದ ಡ್ರ್ಯಾಗನ್ ಕಿರಣನ ಜೇಬು ಸೇರಿ, ಈಗ ಟೊರಾಂಟೊದಲ್ಲಿದೆ.

ಕಿರಣ: ಲೋ, ಅದು ತಮಾಷೆ ಪೋಸ್ಟ್ ಕಣೋ. ನಿನ್ನಂಥೋರನ್ನ ಗೇಲಿ ಮಾಡೋಕೇ ಅದನ್ನ ಹಾಕೋದು.

ಭಾಸ್ಕರ ಭಾವ: ಮೂಲ ಎಲ್ಲಿ? ರೂಲ್ ಬುಕ್ಕಿನ ಪುಟ ಹಾಕಿ. ಫಾರ್ವರ್ಡ್ ಸಾಕ್ಷ್ಯ ಆಗಲ್ಲ.

ರಘು: ಹಲಸಿನ ಬೀಜ ತಿಂದ್ರೆ ಶುಗರ್ ವಾಸಿ ಅಂತ ಹೋದ ತಿಂಗಳು ಹಾಕಿದ್ರಲ್ಲ ಭಾವ, ಅದಕ್ಕೆ ಮೂಲ?

ಭಾಸ್ಕರ ಭಾವ: ಅದು ಸ್ವಂತ ಅನುಭವ.

ದೊಡ್ಡಪ್ಪ: ಆಶೀರ್ವಾದಗಳು. ಪಗಡೆಯಿಂದ ಧರ್ಮರಾಯನಂಥವನೇ ಕಾಡು ಪಾಲಾದ. ಮನೆತನದ ಗುಂಪಿನಲ್ಲಿ ಇಸ್ಪೀಟಿನ ಮಾತು ಶೋಭೆಯಲ್ಲ.

ಕಿರಣ: ಇದು ಇಸ್ಪೀಟಲ್ಲ ದೊಡ್ಡಪ್ಪ.

ದೊಡ್ಡಪ್ಪ: ಎಲೆ ಹಿಡಿದು ಕೂತರೆ ಎಲ್ಲಾ ಇಸ್ಪೀಟೇ.

ಸುಧಾ: ಅಯ್ಯೋ ನಮ್ಮ ಕುಸ್ತಿ ಟ್ರಂಪ್ ಕಾರ್ಡ್ ನೆನಪಾಯ್ತು! ಎತ್ತರ, ತೂಕ, ಎದೆ, ಬೈಸೆಪ್ಸ್... ಅಟ್ಟದ ಮೇಲೆ ಅಡಿಕೆ ಮೂಟೆ ಮಧ್ಯ ಕೂತು ಆಡ್ತಿದ್ವಿ. ರಘು ಅಂಡರ್‌ಟೇಕರ್ ಕಾರ್ಡಿನ ಹಿಂದೆ ಪೆನ್ನಲ್ಲಿ ಚುಕ್ಕೆ ಇಟ್ಟಿದ್ದ 😂

ಕಿರಣ: ಓಹೋ! ಇದು ಇವತ್ತು ಗೊತ್ತಾಯ್ತು.

ಅರ್ಧ ಗಂಟೆ ಆ ಚುಕ್ಕೆಯದೇ ವಿಚಾರಣೆ. ಟೈಫೂನ್ ಯಾರಿಗೂ ನೆನಪಿಲ್ಲ. ಆಮೇಲೆ ಲತಾಳ ನಂಬರಿನಿಂದ ಬಂತು.

ಲತಾ: ನಾನು ಅನಿ, ಅಮ್ಮನ ಫೋನು. ಕಿರಣ ಮಾಮ ಹೇಳಿದ್ದೇ ಸರಿ. ಒಂದು ಕಾರ್ಡಿಗೆ ಉತ್ತರವಾಗಿ ಇನ್ನೊಂದು ಹಾಕಿದ್ರೆ ಅದು ಚೈನ್. ಮಿರರ್ ಫೋರ್ಸ್ ಚೈನ್ ಲಿಂಕ್ 1, ಟೈಫೂನ್ ಲಿಂಕ್ 2. ಬಿಡಿಸೋದು ಹಿಂದಿನಿಂದ. ತೊಳೆದು ಪೇರಿಸಿಟ್ಟ ತಟ್ಟೆ ಥರ, ಕೊನೇಲಿ ಇಟ್ಟಿದ್ದು ಮೊದಲು ಕೈಗೆ ಬರುತ್ತೆ. ಮೊದಲು ಟೈಫೂನ್ ಕೆಲಸ ಮಾಡಿ ಮಿರರ್ ಫೋರ್ಸ್ ಒಡೆಯುತ್ತೆ. ಆಮೇಲೆ ಮಿರರ್ ಫೋರ್ಸ್ ಸರದಿ. ಕಾರ್ಡ್ ಹೋಗಿದೆ, ಎಫೆಕ್ಟ್ ಹೋಗಿಲ್ಲ. ಡ್ರ್ಯಾಗನ್ ಸಾಯುತ್ತೆ.

ರಘು: ಹಾಗಾದ್ರೆ ಅದೇ ರಜದಲ್ಲಿ ಇವನ ಇನ್ನೊಂದು ಟ್ರ್ಯಾಪ್ ಕಾಲ್ ಆಫ್ ದ ಹಾಂಟೆಡ್‌ಗೆ ಟೈಫೂನ್ ಹಾಕಿದಾಗ ನಿಂತುಹೋಯ್ತಲ್ಲ? ಅವತ್ತು ಒಪ್ಕೊಂಡಿದ್ದ!

ಲತಾ: ಅದು ಕಂಟಿನ್ಯುಯಸ್ ಟ್ರ್ಯಾಪ್ ಮಾಮ. ತನ್ನ ಸರದಿ ಬಂದಾಗ ಫೀಲ್ಡ್ ಮೇಲೇ ಇರ್ಬೇಕು, ಇಲ್ದಿದ್ರೆ ಏನೂ ಆಗಲ್ಲ. ಮಿರರ್ ಫೋರ್ಸ್ ನಾರ್ಮಲ್ ಟ್ರ್ಯಾಪ್. ಒಂದ್ಸಲ ಆಕ್ಟಿವೇಟ್ ಆದ್ಮೇಲೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ.

ಭಾಸ್ಕರ ಭಾವ: ಪುಟ ಸಂಖ್ಯೆ?

ಲತಾ: ರಘು ಮಾಮ, ನೀವು ದಾಳಿ ಅನ್ನೋ ಮೊದಲೇ ಟೈಫೂನ್ ಹಾಕ್ಬೇಕಿತ್ತು. ಆಗ ಮಿರರ್ ಫೋರ್ಸ್ ಕವುಚಿಕೊಂಡೇ ಹೋಗ್ತಿತ್ತು, ದಾಳಿ ಆಗದೆ ಅದನ್ನ ತಿರುಗಿಸೋ ಹಾಗಿಲ್ಲ. ಇಲ್ಲ ಅಂದ್ರೆ ಸೆವೆನ್ ಟೂಲ್ಸ್ ಆಫ್ ದ ಬ್ಯಾಂಡಿಟ್ ಅನ್ನೋ ಕಾರ್ಡ್ ಮೊದಲೇ ಕವುಚಿಟ್ಟಿರ್ಬೇಕಿತ್ತು. 1000 ಲೈಫ್ ಪಾಯಿಂಟ್ ಕೊಟ್ರೆ ಟ್ರ್ಯಾಪಿನ ಆಕ್ಟಿವೇಷನ್ನೇ ರದ್ದು.

ಹದಿಮೂರರ ಹುಡುಗ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಒಂದೇ ಒಂದು ಹೆಬ್ಬೆರಳು ಬಿತ್ತು. ಅದೂ ಚಿಕ್ಕಮ್ಮನದು.

ಚಿಕ್ಕಮ್ಮ: ದ್ರೌಪದಿ ಸಭೆಗೆ ಕೇಳಿಸಿದ್ದೂ ಇದನ್ನೇ ಅಲ್ವೇನ್ರೋ? ಧರ್ಮರಾಯ ಮೊದಲು ತನ್ನನ್ನ ಸೋತನೋ, ನನ್ನನ್ನ ಸೋತನೋ ಅಂತ. ತಾನೇ ಸೋತಮೇಲೆ ಇವಳನ್ನ ಪಣಕ್ಕಿಡೋಕೆ ಅವನ್ಯಾರು?

ನನ್ನ ಕೇಳಿದರೆ ಇಡೀ ದಿನದಲ್ಲಿ ಬಂದ ಒಳ್ಳೇ ಮಾತು ಅದೊಂದೇ. ಭೀಷ್ಮನ ಕೈಲೂ ನೇರ ಉತ್ತರ ಆಗದ ಪ್ರಶ್ನೆ. ಆದರೆ ದೊಡ್ಡಪ್ಪ ಅದನ್ನು ತಮಗೇ ಅಂದದ್ದು ಅಂದುಕೊಂಡರು.

ದೊಡ್ಡಪ್ಪ: ಪುರಾಣ ನನಗೂ ಗೊತ್ತಿದೆ. ಹಿರಿಯರಿಗೆ ಎದುರಾಡುವುದು ಈ ಮನೆಯಲ್ಲಿ ಇರಲಿಲ್ಲ. ರಘು ಈ ವಯಸ್ಸಿನಲ್ಲಿ ಒಂದು ರಟ್ಟಿನ ಚೂರಿಗೆ ಜಗಳ ಆಡುವುದು ನಾಚಿಕೆಗೇಡು.

11.42ಕ್ಕೆ ರಘು ಬರೆದ: ರಟ್ಟಿನ ಚೂರು ಬಿಡಿ ದೊಡ್ಡಪ್ಪ, ಕೆರೆ ಪಕ್ಕದ ತೋಟ ಪಾಲಾದ ದಿನ ಅಪ್ಪ ಊರಿಗೆ ಬರೋ ಮೊದಲೇ ಸಹಿ ಹಾಕಿ ಮುಗಿಸಿದ್ದು ಯಾರು?

ಸುಧಾ ನನಗೆ ಬೇರೆಯಾಗಿ ಫೋನ್ ಮಾಡಿ ‘ಅಯ್ಯಯ್ಯೋ’ ಅಂದಳು. ಲತಾ ಫೋನ್ ಕಿತ್ತುಕೊಳ್ಳೋಕೆ ಅನಿಯನ್ನು ಅಟ್ಟಿಸಿಕೊಂಡು ಹೋದಳಂತೆ. 11.44ಕ್ಕೆ ಆ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬಂತು.

ರಘು: ಸಾರಿ, ಬೇರೆ ಗುಂಪಿಗೆ ಹಾಕೋದು ಇಲ್ಲಿ ಬಿತ್ತು.

ದೊಡ್ಡಪ್ಪ ಗುಂಪನ್ನು ತೊರೆದಿದ್ದಾರೆ.

ಲತಾ: ರಘು ಮಾಮ, ಲೇಟ್. ಆಗ್ಲೇ ಆಕ್ಟಿವೇಟ್ ಆಗಿತ್ತು.

ಭಾಸ್ಕರ ಭಾವ: ಯಾರಾದ್ರೂ ಸ್ಕ್ರೀನ್‌ಶಾಟ್ ಇಟ್ಟಿದ್ದೀರಾ?