ಕುದಿಸದ ಓಂಪ್-ಎ ಜೆಲ್‌ನಲ್ಲಿ ಕೆಳಗೆ ಓಡುವುದೇಕೆ?

ಪ್ರಶ್ನೆ – ಎಂಎಸ್‌ಸಿ ವಿದ್ಯಾರ್ಥಿನಿ:
ಇ. ಕೊಲೈ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಬೇರ್ಪಡಿಸಿ, ಎಸ್‌ಡಿಎಸ್ ಎಂಬ ಸಾಬೂನಿನಂಥ ರಾಸಾಯನಿಕ ಬೆರೆಸಿ, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದೆವು (ಚಿಕ್ಕದು ಹೆಚ್ಚು ಕೆಳಗೆ ಓಡುತ್ತದೆ). 95 ಡಿಗ್ರಿಯಲ್ಲಿ ಕಾಯಿಸಿದ ಮಾದರಿಯಲ್ಲಿ ಹೊರಪೊರೆಯ ಪ್ರೋಟೀನಾದ ಓಂಪ್-ಎಯ ಬ್ಯಾಂಡ್ 35 ಕಿಲೋಡಾಲ್ಟನ್ ಬಳಿ ಇದೆ. ಕಾಯಿಸದೆ ಹಾಕಿದ ಪಕ್ಕದ ಲೇನಿನಲ್ಲಿ ಅದು ಮಾಯವಾಗಿ, 30ರ ಸುತ್ತ ದಪ್ಪ ಬ್ಯಾಂಡ್ ಬಂದಿದೆ. ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತುಂಡರಿಸಿರಬೇಕು ಎಂದು ಲ್ಯಾಬಿನ ಹಿರಿಯರೊಬ್ಬರು ಹೇಳುತ್ತಾರೆ. ಎರಡೂ ಲೇನಿನಲ್ಲಿ ಎಸ್‌ಡಿಎಸ್ ಇದೆಯಲ್ಲ, ಅದು ಪ್ರೋಟೀನನ್ನು ಬಿಚ್ಚಬೇಕಲ್ಲವೇ?

ಉತ್ತರ – ಪೊರೆ ಪ್ರೋಟೀನುಗಳ ಸಂಶೋಧಕಿ:
ಆ ಲೇನನ್ನು ದಯವಿಟ್ಟು ಕಡೆಗಣಿಸಬೇಡಿ, ಇಡೀ ಜೆಲ್‌ನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ. ನಿಮ್ಮ ಪ್ರೋಟೀನ್ ತುಂಡಾಗಿಲ್ಲ, ಮಡಚಿಕೊಂಡೇ ಇದೆ ಎಂಬುದು ನನ್ನ ಅಂದಾಜು. ಪರೀಕ್ಷೆ ಸುಲಭ: ಕಾಯಿಸದ ಅದೇ ಮಾದರಿಯಲ್ಲಿ ಉಳಿದದ್ದನ್ನು ಈಗ ಕಾಯಿಸಿ ಓಡಿಸಿ. ಬ್ಯಾಂಡ್ 35ಕ್ಕೆ ಏರಿದರೆ ಪ್ರೋಟಿಯೇಸ್ ವಾದ ಮುಗಿಯಿತು. ಕತ್ತರಿಸಿಹೋದ ಸರಪಳಿ ಕಾಯಿಸಿದರೆ ಕೂಡಿಕೊಳ್ಳುವುದಿಲ್ಲ.

ಓಂಪ್-ಎ 325 ಅಮೈನೋ ಆಮ್ಲಗಳ ಸರಪಳಿ. ಮೊದಲ 171ರಷ್ಟು ಭಾಗ ಎಂಟು ಬೀಟಾ ಎಳೆಗಳಾಗಿ (ಚಾಚಿಕೊಂಡ ತುಣುಕುಗಳಾಗಿ) ಪೊರೆಯೊಳಗೆ ಪೀಪಾಯಿಯಂತೆ ಸುತ್ತಿಕೊಳ್ಳುತ್ತದೆ. ಒಳಪೊರೆಯ ಪ್ರೋಟೀನುಗಳಲ್ಲಿರುವ ಆಲ್ಫಾ ಸುರುಳಿಗೆ ಬೇಕಾದ ಹೈಡ್ರೋಜನ್ ಬಂಧಗಳು ತನ್ನೊಳಗೇ ಸಿಗುತ್ತವೆ. ಬೀಟಾ ಎಳೆಗೆ ಆ ಅನುಕೂಲವಿಲ್ಲ, ಅದಕ್ಕೆ ಪಕ್ಕದ ಎಳೆ ಬೇಕು. ಆದ್ದರಿಂದ ಕೊನೆಯ ಎಳೆ ಮೊದಲನೆಯದನ್ನು ಹಿಡಿಯಲೇಬೇಕು. ಕೊಬ್ಬಿನ ನಡುವೆ ಒಂದು ಅಂಚು ಬಿಟ್ಟುಕೊಂಡರೂ ಆ ಬಂಧಗಳ ಜಾಗ ತುಂಬಲು ಅಲ್ಲಿ ನೀರಿಲ್ಲ. ಹಾಗಾಗಿ ಒಂದೊಂದೇ ಎಳೆಯಾಗಿ ಸಡಿಲಗೊಳ್ಳುವುದು ಇದಕ್ಕೆ ಬಹಳ ದುಬಾರಿ. ಎಸ್‌ಡಿಎಸ್ ಹೊರಮೈಗೆ ಅಂಟಿಕೊಳ್ಳುತ್ತದೆ, ಆದರೆ ಕೊಠಡಿಯ ತಾಪದಲ್ಲಿ ಬಿಚ್ಚಲಾರದು. ಮಡಚಿದ ಪ್ರೋಟೀನ್ ಗಾತ್ರದಲ್ಲಿ ಅಡಕ, ಅದಕ್ಕೇ ಜೆಲ್‌ನಲ್ಲಿ ಬೇಗ ಓಡುತ್ತದೆ.

ಉತ್ತರ – ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕ:
ಮೇಡಂ ಹೇಳಿದ್ದು ಸರಿ. ಅದೇ ಲೇನಿನ ಮೇಲ್ಭಾಗವನ್ನೂ ನೋಡಿ. ಹೊರಪೊರೆಯ ಇನ್ನೊಂದು ಪೀಪಾಯಿ ಪ್ರೋಟೀನಾದ ಓಂಪ್-ಎಫ್ ಮೂರು ಮೂರಾಗಿ ಜೊತೆಗೂಡಿರುತ್ತದೆ. ಒಂದೊಂದರಲ್ಲೂ 16 ಎಳೆಗಳು. 1992ರಲ್ಲಿ ಪ್ರಕಟವಾದ ಅದರ ರಚನೆಯಲ್ಲಿ ಒಂದರ ಎರಡನೆಯ ಕುಣಿಕೆ ನೆರೆಯದರ ಮೇಲೆ ಬಾಗಿ ಹಿಡಿದುಕೊಂಡಿರುವುದು ಕಾಣುತ್ತದೆ. ಎಸ್‌ಡಿಎಸ್‌ನಲ್ಲಿಯೂ ಸುಮಾರು 70 ಡಿಗ್ರಿಯವರೆಗೆ ಈ ತ್ರಿವಳಿ ಚದುರುವುದಿಲ್ಲ. ಒಂದೇ ಮಾದರಿಯನ್ನು 40ರಿಂದ 95ರವರೆಗೆ ಬೇರೆ ಬೇರೆ ತಾಪಗಳಲ್ಲಿ ಹತ್ತು ನಿಮಿಷ ಇಟ್ಟು ಓಡಿಸಿದರೆ, ಯಾವುದು ಎಲ್ಲಿ ಸೋಲುತ್ತದೆ ಎಂಬುದು ಒಂದೇ ಜೆಲ್‌ನಲ್ಲಿ ತಿಳಿಯುತ್ತದೆ.

ವಿದ್ಯಾರ್ಥಿನಿ:
ಉಳಿದ ಮಾದರಿಯನ್ನು ಕಾಯಿಸಿ ಓಡಿಸಿದೆ, 35ಕ್ಕೇ ಬಂದಿತು! ಬಿಚ್ಚುವುದೇ ಇಷ್ಟು ಕಷ್ಟವಾದರೆ, ಜೀವಕೋಶ ಇದನ್ನು ಪೊರೆಯೊಳಗೆ ಕಟ್ಟುವುದು ಹೇಗೆ?

ಸಂಶೋಧಕಿ:
ಬಹಳ ಸಂತೋಷ. ಎರಡು ಪೊರೆಗಳ ನಡುವಿನ ಜಾಗದಲ್ಲಿ ಜೀವಕೋಶದ ಶಕ್ತಿಮೂಲವಾದ ಎಟಿಪಿ ಇಲ್ಲ, ಆದರೂ ಕೆಲಸ ನಡೆಯುತ್ತದೆ. ಸುರ್-ಎ, ಸ್ಕಿಪ್ ಎಂಬ ಸಹಾಯಕ ಪ್ರೋಟೀನುಗಳು ಬಿಚ್ಚಿದ ಸರಪಳಿ ಮುದ್ದೆಗಟ್ಟದಂತೆ ಕಾಯುತ್ತವೆ; ದಾರಿ ತಪ್ಪಿದ್ದನ್ನು ಡೆಗ್-ಪಿ ಕತ್ತರಿಸಿಹಾಕುತ್ತದೆ. ಹೊರಪೊರೆಯಲ್ಲಿ ಪೀಪಾಯಿಗಳನ್ನು ಪೊರೆಯೊಳಗೆ ಕಟ್ಟುವ, ಐದು ಪ್ರೋಟೀನುಗಳ ಬ್ಯಾಮ್ ಸಂಕೀರ್ಣವಿದೆ. ಅದರ ಬ್ಯಾಮ್-ಎ ಸ್ವತಃ 16 ಎಳೆಗಳ ಪೀಪಾಯಿ, ಆದರೆ ಅದರ ಮೊದಲ ಮತ್ತು ಕೊನೆಯ ಎಳೆಗಳ ಹಿಡಿತ ಸಡಿಲ. ಹೊಸ ಸರಪಳಿಯ ಕೊನೆಯ ಎಳೆ ಬ್ಯಾಮ್-ಎಯ ಮೊದಲ ಎಳೆಗೆ ತಗುಲಿಕೊಂಡು ಅಲ್ಲಿಂದ ಬೆಳೆಯುತ್ತದೆ. 2019ರಲ್ಲಿ ವರದಿಯಾದ ಡಾರೋಬ್ಯಾಕ್ಟಿನ್ ಎಂಬ ಪ್ರತಿಜೀವಕ ಹೋಗಿ ಕೂರುವುದು ಇದೇ ಅಂಚಿನಲ್ಲಿ. ಮುಂದಿನ ಸೆಮಿನಾರಿಗೆ ಬ್ಯಾಮ್-ಎಯನ್ನೇ ಆರಿಸಿಕೊಳ್ಳಿ, ನಿಮ್ಮ ಎರಡು ಲೇನುಗಳ ಚಿತ್ರವನ್ನು ಮೊದಲ ಸ್ಲೈಡಿಗೆ ಹಾಕಿ.