ಸಹಾಯ ಬೇಕು: ಮೈಸೂರು ಬಾನಿಯ (ಶೈಲಿಯ) ವೀಣೆ ರೆಕಾರ್ಡಿಂಗ್ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ದಸರಾದಲ್ಲಿ ಒಂದು ವೀಣೆ ಕಚೇರಿ ಕೇಳಿ ಬಂದ ಮೇಲೆ ತಲೆಯಲ್ಲಿ ಬರೀ ತಾನವೇ (ತಾಳವಿಲ್ಲದೆ, ಲಯದಲ್ಲಿ ರಾಗ ಬಿಡಿಸುವ ಭಾಗ) ಓಡುತ್ತಿದೆ. ಮೃದಂಗದ ಮೈಕ್ ಜಾಸ್ತಿ ಮಾಡಿ ವೀಣೆಯನ್ನು ಮುಳುಗಿಸಿಬಿಟ್ಟಿದ್ದರು, ಅದು ಬೇರೆ ಮಾತು. ತಾನಕ್ಕೆ ಮೃದಂಗ ಸುಮ್ಮನಾಯಿತು ನೋಡಿ, ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳಿಸಿತು. ಕಿರುಬೆರಳು ತಾಳದ ತಂತಿ ತಟ್ಟುವ ಸದ್ದು ಕೂಡ.

ಆಮೇಲೆ ಮೈಸೂರು ದೊರೆಸ್ವಾಮಿ ಅಯ್ಯಂಗಾರ್ ಅವರದ್ದು ಹುಡುಕಿ ಕೇಳಿದೆ. ವೀಣೆ ಶೇಷಣ್ಣನವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ಇವರು. ತಂತಿಯನ್ನು ಜಾಸ್ತಿ ಎಳೆದಾಡದೆ ಮೀಟಿನಲ್ಲೇ ಮಾತಾಡಿಸುತ್ತಾರೆ. ಆದರೆ ನನಗೆ ಯೂಟ್ಯೂಬ್‌ನಲ್ಲಿ ಸಿಕ್ಕಿದ್ದರಲ್ಲಿ ಬರೀ ಕೊರಕೊರ, ರಾಗದ ಹೆಸರೂ ಇಲ್ಲ.

ಅವರು ತೀರಿಕೊಂಡಿದ್ದು 1997ರಲ್ಲಿ. ಕ್ಯಾಸೆಟ್ ಕಾಲದ್ದೇ ಜಾಸ್ತಿ ಇರಬೇಕು, ಅಲ್ವಾ? ಒಳ್ಳೆ ರೆಕಾರ್ಡಿಂಗ್ ಮೈಸೂರಲ್ಲಿ ಎಲ್ಲಿ ಸಿಗುತ್ತೆ? ಸಯ್ಯಾಜಿರಾವ್ ರಸ್ತೆ ಕಡೆ ಕೇಳಿ ಆಯಿತು, ಎಲ್ಲಿ ನೋಡಿದರೂ ಮೊಬೈಲ್ ಅಂಗಡಿ. ಈಗಿನವರು ಇದೇ ಬಾನಿಯಲ್ಲಿ ಹೊಸ ಆಲ್ಬಂ ತಂದಿದ್ದರೆ ಅದನ್ನೂ ಹೇಳಿ. ಕೀಬೋರ್ಡ್ ಸೇರಿಸಿದ ಫ್ಯೂಷನ್ ಮಾತ್ರ ಬೇಡ, ದಯವಿಟ್ಟು.

ಆಕಾಶವಾಣಿಯಿಂದ ತುಂಬಿಸಿಕೊಂಡ ಹಳೇ ಕ್ಯಾಸೆಟ್ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ನಾನೇ ಬಂದು ಕಾಪಿ ಮಾಡಿಕೊಳ್ಳುತ್ತೇನೆ, ಕ್ಯಾಸೆಟ್ ನಿಮ್ಮ ಮನೆ ಬಿಟ್ಟು ಆಚೆ ಬರಬೇಕಿಲ್ಲ.